ನೆಲಗಡಲೆಯ ಕುಡಿಯೂ ಬೆಂಗಳೂರಿನ ಒಂದು ಪ್ರಯೋಗಶಾಲೆಯೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿ ಬಾಳುವ ಒಕ್ಕಲುಮನೆಗಳಿಗೆ ನೆಲಗಡಲೆಯೆಂದರೆ ಏನೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ರಾಗಿ ಹೊಟ್ಟೆಗೆ, ಕಡಲೆಕಾಯಿ ಕೈಕಾಸಿಗೆ. ಮಗಳ ಮದುವೆ, ಮಗನ ಓದು, ಹಳೆಯ ಸಾಲದ ತೀರುವಳಿ, ಇವೆಲ್ಲವೂ ಆ ಕೆಂಪುನೆಲದೊಳಗೆ ಕಟ್ಟುವ ಕಾಯಿಯನ್ನೇ ಕಾದುಕೊಂಡಿರುತ್ತವೆ. ಬಿತ್ತಿದ ಕೆಲವು ವಾರಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡದ ಎಳೆಯ ಎಲೆಗಳಲ್ಲಿ ಹಳದಿಯ ಚುಕ್ಕೆಗಳೂ ಉಂಗುರಗಳೂ ಮೂಡಿ, ತುದಿಯ ಕುಡಿ ಸತ್ತು, ಗಿಡವು ಗಿಡ್ಡಾಗಿ ಮುರುಟಿಕೊಳ್ಳುವುದುಂಟು. ಎಳೆತನದಲ್ಲಿಯೇ ಹೀಗಾದ ಗಿಡದಲ್ಲಿ ಕಾಯಿಯ ಆಸೆಯನ್ನು ಬಿಡಬೇಕು. ತಡವಾಗಿ ಹಿಡಿದರೆ ಕಾಯಿ ಕಟ್ಟೀತು, ಆದರೆ ಬೀಜ ಸಣ್ಣದು, ಸುಕ್ಕಾದದ್ದು. ಇದೇ ಕುಡಿ ಸಾಯುವ ರೋಗ. ಬಿಸಿಲಿನ ಝಳವೆಂದೂ, ದೃಷ್ಟಿದೋಷವೆಂದೂ ಇದಕ್ಕೆ ಕಾರಣ ಹೇಳುವವರುಂಟು. ನಿಜವಾದ ಕಾರಣವು ಕಣ್ಣಿಗೆ ಕಾಣದ ಒಂದು ವೈರಸ್ಸು. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಡಿ. ವಿ. ಆರ್. ರೆಡ್ಡಿಯವರೂ ಅವರ ಸಂಗಡಿಗರೂ 1992ರಲ್ಲಿ ಇದನ್ನು ಶುದ್ಧಿಮಾಡಿ ಪರೀಕ್ಷಿಸಿ, ಪರದೇಶದ ಟೊಮೇಟೊ ವೈರಸ್ಸಿನಿಂದ ಇದು ಬೇರೆಯೆಂದು ತೋರಿಸಿದರು. ಥ್ರಿಪ್ಸ್ ಎಂಬ ಅತಿಸೂಕ್ಷ್ಮವಾದ ಹುಳುವು ಮರಿಯಾಗಿದ್ದಾಗ ರೋಗದ ಎಲೆಯನ್ನು ಹೀರಿ ಇದನ್ನು ಪಡೆದುಕೊಂಡು, ರೆಕ್ಕೆ ಬಂದಮೇಲೆ ಹೊಲದಿಂದ ಹೊಲಕ್ಕೆ ಹಂಚುತ್ತದೆ. ಬೀಜದಿಂದ ಇದು ಹರಡುವುದಿಲ್ಲ.

ಈ ವೈರಸ್ಸಿನ ಒಳಗಿರುವುದು ಆರ್.ಎನ್.ಎ. ಎಂಬ ದ್ರವ್ಯದ ಮೂರು ಎಳೆಗಳು. ಇದೇನೆಂಬುದನ್ನು ಸ್ವಲ್ಪ ಹೇಳದೆ ಕಥೆ ಮುಂದಕ್ಕೆ ಸಾಗದು.

ಪ್ರತಿಯೊಂದು ಜೀವಕೋಶದ ನಡುವೆಯೂ ಡಿ.ಎನ್.ಎ. ಎಂಬ ಮೂಲಗ್ರಂಥವೊಂದಿದೆಯಷ್ಟೆ. ಮಠದ ಭಂಡಾರದಲ್ಲಿಟ್ಟ ಓಲೆಗರಿಯ ಕಟ್ಟಿನಂತೆ ಅದನ್ನು ಹೊರಕ್ಕೆ ಕೊಡುವ ವಾಡಿಕೆಯಿಲ್ಲ. ಬೇಕಾದ ಅಧ್ಯಾಯವನ್ನು ಮಾತ್ರ ಲಿಪಿಕಾರನು ಪ್ರತಿಮಾಡಿ ಕಳುಹಿಸುತ್ತಾನೆ; ಆ ಪ್ರತಿಯೇ ಆರ್.ಎನ್.ಎ. ಗಿಡಗಳಲ್ಲಿಯೂ ನಮ್ಮಲ್ಲಿಯೂ ಈ ಪ್ರತಿಯು ಮೊದಲು ಹುಟ್ಟಿದಂತೆಯೇ ಉಪಯೋಗಕ್ಕೆ ಬರುವುದಿಲ್ಲ. ನಡುನಡುವೆ ಸೇರಿರುವ ಬೇಡದ ಭಾಗಗಳನ್ನು ಕತ್ತರಿಸಿ ತೆಗೆದು, ಉಳಿದುದನ್ನು ಅಕ್ಷರ ತಪ್ಪದಂತೆ ಬೆಸೆಯಬೇಕು. ಹಾಗೆ ಸಂಸ್ಕರಿಸಿದ ಪ್ರತಿಯನ್ನು ನೋಡಿ ಕೋಶವು ಪ್ರೋಟೀನುಗಳನ್ನು ಕಟ್ಟುತ್ತದೆ. ಕೆಲಸವಾದ ಬಳಿಕ ಪ್ರತಿಯನ್ನು ಚೂರುಮಾಡಿಬಿಡುತ್ತದೆ. ಬ್ಯಾಕ್ಟೀರಿಯಗಳಲ್ಲಿ ಇಂಥ ಪ್ರತಿಗಳ ಆಯುಸ್ಸು ಸಾಮಾನ್ಯವಾಗಿ ಕೆಲವೇ ನಿಮಿಷಗಳು. ನಮ್ಮ ದೇಹದಲ್ಲಿ ಗಂಟೆಗಳಗಟ್ಟಲೆ. ಬರೆಯುವುದು ಜೀವದ ಲಕ್ಷಣ, ಹರಿಯುವುದು ನಾಶವೆಂದು ಮೇಲುನೋಟಕ್ಕೆ ತೋರುವುದು. ಆದರೆ ನಿನ್ನೆ ಕೊಟ್ಟ ಅಪ್ಪಣೆಗಳೆಲ್ಲವೂ ಇಂದೂ ನಡೆಯುತ್ತಲೇ ಇರುವ ಸಂಸಾರದ ಗತಿಯೇನಾದೀತು?

ಈ ಹರಿಯುವ ಕಲೆಯನ್ನೇ ಗಿಡವು ಆತ್ಮರಕ್ಷಣೆಗೂ ಬಳಸುತ್ತದೆ. ವೈರಸ್ಸು ಒಳಹೊಕ್ಕು ತನ್ನ ಪ್ರತಿಗಳನ್ನು ಬೆಳೆಸುವಾಗ ಎರಡೆಳೆಯ ಆರ್.ಎನ್.ಎ. ಉಂಟಾಗುತ್ತದೆ. ಗಿಡವು ಅದನ್ನು ಪರಕೀಯವೆಂದು ಗುರುತಿಸಿ, ಇಪ್ಪತ್ತೊಂದರಿಂದ ಇಪ್ಪತ್ನಾಲ್ಕು ಅಕ್ಷರಗಳ ತುಣುಕುಗಳಾಗಿ ಕತ್ತರಿಸುತ್ತದೆ. ಆಮೇಲೆ ಒಂದೊಂದು ತುಣುಕನ್ನೂ ಮಾದರಿಯಾಗಿ ಹಿಡಿದುಕೊಂಡು, ಅದಕ್ಕೆ ಹೊಂದುವ ಉದ್ದನೆಯ ಪ್ರತಿಗಳನ್ನೆಲ್ಲ ಹುಡುಕಿ ಕತ್ತರಿಸುತ್ತದೆ. ಎರಡೆಳೆಯ ಆರ್.ಎನ್.ಎ.ಗೆ ಇಂಥ ಶಕ್ತಿಯುಂಟೆಂದು 1998ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಕಂಡುಹಿಡಿದವರು ಅಮೆರಿಕದ ಫೈರ್ ಮತ್ತು ಮೆಲ್ಲೊ. ಅವರಿಗೆ 2006ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಗಿಡಗಳಲ್ಲಿರುವ ತುಣುಕುಗಳನ್ನು 1999ರಲ್ಲಿ ತೋರಿಸಿದವರು ಇಂಗ್ಲೆಂಡಿನ ಹ್ಯಾಮಿಲ್ಟನ್ ಮತ್ತು ಬಾಲ್ಕೂಂಬ್.

ಗಿಡದ ಕೈಯಲ್ಲಿ ಇಂಥ ಕತ್ತರಿಯಿದ್ದೂ ನಮ್ಮ ಹೊಲದ ಕುಡಿ ಸಾಯುವುದೇಕೆ? ಇದಕ್ಕೆ ಉತ್ತರದ ಒಂದು ಭಾಗವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ, ಎಂದರೆ ನಮ್ಮ ಜನರ ಬಾಯಲ್ಲಿರುವ ಟಾಟಾ ಇನ್‌ಸ್ಟಿಟ್ಯೂಟಿನಿಂದ, ಬಂದಿದೆ. ಅಲ್ಲಿನ ಜೀವರಸಾಯನ ವಿಭಾಗದ ಪ್ರೊಫೆಸರ್ ಎಚ್. ಎಸ್. ಸಾವಿತ್ರಿಯವರು ದಶಕಗಳ ಕಾಲ ಗಿಡಗಳ ವೈರಸ್ಸುಗಳನ್ನೇ ವ್ಯಾಸಂಗಮಾಡಿದವರು. 1987ರಷ್ಟು ಹಿಂದೆಯೇ ಅವರೂ ಎಂ. ಆರ್. ಎನ್. ಮೂರ್ತಿಯವರೂ ಇತರರೊಡನೆ, ಬೆಲಡೋನ ಗಿಡದ ವೈರಸ್ಸಿನ ಕಣವು ಬಿಚ್ಚಿಹೋಗದಂತೆ ಹಿಡಿದಿಡುವುದರಲ್ಲಿ ಕ್ಯಾಲ್ಸಿಯಂ ಮುಂತಾದುವುಗಳ ಪಾತ್ರವೇನೆಂಬುದನ್ನು ಕುರಿತು ಬರೆದರು. ಆಮೇಲೆ ತಿರುಪತಿಯ ಸೀಮೆಯ ಅಗಸೆಮರದಲ್ಲಿ ದೊರೆತ ವೈರಸ್ಸಿನ ಸರದಿ. ನಾವು ಸೊಪ್ಪನ್ನೂ ಹೂವನ್ನೂ ಪಲ್ಯಮಾಡುವ ಅದೇ ಅಗಸೆ. ಆ ವೈರಸ್ಸಿನ ಆಕೃತಿಯನ್ನು ಎಕ್ಸ್-ಕಿರಣಗಳಿಂದ ಬಿಡಿಸಿ 1995ರಲ್ಲಿ ಈ ಬಳಗದವರು ಪ್ರಕಟಿಸಿದರು. ಹೊರಗಿನ ಚಿಪ್ಪಿನಿಂದ ಮೊದಲಾದ ಈ ವ್ಯಾಸಂಗವು ವೈರಸ್ಸಿನ ಒಳಗಿನ ವ್ಯವಹಾರದ ಕಡೆಗೆ ತಿರುಗಿದ ಮೇಲೆ ನೆಲಗಡಲೆಯ ರೋಗವೂ ಅದರೊಳಕ್ಕೆ ಬಂದಿತು.

ಈ ರೋಗದ ವೈರಸ್ಸಿಗೆ ನೆಲಗಡಲೆಯೊಂದೇ ಆಹಾರವಲ್ಲ, ಟೊಮೇಟೊವೂ ಆಗುತ್ತದೆ. ಕರ್ನಾಟಕದ ಟೊಮೇಟೊ ಗಿಡದಿಂದ ಬಂದ ವೈರಸ್ಸಿನಲ್ಲಿ ಎನ್.ಎಸ್.ಎಸ್. ಎಂಬ ಪ್ರೋಟೀನೊಂದನ್ನು ಅವರು ಆರಿಸಿಕೊಂಡು, ಬ್ಯಾಕ್ಟೀರಿಯದಲ್ಲಿ ಬೆಳೆಸಿ, ಶುದ್ಧಿಮಾಡಿ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇದಕ್ಕೆ ಎರಡು ಉದ್ಯೋಗಗಳು. ಎ.ಟಿ.ಪಿ. ಎಂಬ ಶಕ್ತಿದ್ರವ್ಯವನ್ನು ಒಡೆಯುವುದು ಒಂದು, ಆರ್.ಎನ್.ಎ.ಯ ಮೊದಲ ತುದಿಯಲ್ಲಿರುವ ಫಾಸ್ಫೇಟನ್ನು ಕಿತ್ತುಹಾಕುವುದು ಇನ್ನೊಂದು. ಪ್ರೋಟೀನಿನಲ್ಲಿ ಒಂದೇ ಒಂದು ಸ್ಥಾನವನ್ನು ಬದಲಾಯಿಸಿದರೆ ಮೊದಲನೆಯ ಕೆಲಸ ಪೂರ್ತಿಯಾಗಿ ನಿಂತುಹೋಗುವುದು, ಎರಡನೆಯದು ಕುಂದದೆ ಉಳಿಯುವುದು. ಎರಡೂ ಒಂದೇ ಕೆಲಸದ ಎರಡು ಮುಖಗಳಲ್ಲವೆಂದು ಹೀಗೆ ಗೊತ್ತಾಯಿತು. ನನ್ನಂಥ ಹೊರಗಿನವನಿಗೂ ಈ ಪರೀಕ್ಷೆಯ ಅಚ್ಚುಕಟ್ಟು ಮೆಚ್ಚಿಕೆಯಾಗುತ್ತದೆ.

ಒಂದು ಫಾಸ್ಫೇಟು ಹೋದರೆ ಏನಾಯಿತು ಎನ್ನಬಹುದು. ವ್ಯಾಕರಣ ಓದಿದವರು ಹಾಗೆನ್ನಲಾರರು. 'ಕೃ' ಧಾತುವಿಗೆ ಪಾಣಿನಿಯು 'ಕ್ತ' ಪ್ರತ್ಯಯವನ್ನು ವಿಧಿಸುತ್ತಾನೆ. ಅದರ ಕಕಾರವು ಉಚ್ಚಾರಣೆಯಲ್ಲಿ ಉಳಿಯುವುದಿಲ್ಲ. ಅದು ಬರಿಯ ಗುರುತು. ಆದರೂ ಆ ಗುರುತಿನ ಬಲದಿಂದಲೇ ಗುಣವು ತಡೆಯಲ್ಪಟ್ಟು 'ಕೃತ' ಎಂದಾಗುತ್ತದೆ. ಗುರುತಿಲ್ಲದ 'ತವ್ಯ' ಬಂದಾಗ 'ಕರ್ತವ್ಯ' ಎಂದು ಗುಣವಾಗಿಯೇ ತೀರುತ್ತದೆ. ಸಣ್ಣ ತುಣುಕಿನ ತುದಿಯ ಫಾಸ್ಫೇಟೂ ಇಂಥ ಗುರುತು. ಅದನ್ನು ನೋಡಿಯೇ ಗಿಡದ ಕತ್ತರಿಯು ತುಣುಕನ್ನು ಮಾದರಿಯಾಗಿ ಸ್ವೀಕರಿಸುತ್ತದೆ. ಗುರುತನ್ನು ಅಳಿಸಿಬಿಟ್ಟರೆ ತುಣುಕು ಇದ್ದೂ ನಿರರ್ಥಕ. ಎನ್.ಎಸ್.ಎಸ್. ಪ್ರೋಟೀನು ಗಿಡದ ರಕ್ಷಣೆಯನ್ನು ಮುರಿಯುವುದಕ್ಕೆ ಇದೊಂದು ಮಾರ್ಗವಾಗಿರಬಹುದೆಂಬುದು ಸಂಶೋಧಕರ ಊಹೆ. ಊಹೆಯೆಂದೇ ಅವರು ಬರೆದಿದ್ದಾರೆ. ಸಾವಿತ್ರಿಯವರು ಇತರರೊಡನೆ 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದೇ ಪ್ರೋಟೀನು ಹೆಣೆದ ಎರಡೆಳೆಗಳನ್ನು ಬಿಡಿಸಬಲ್ಲದೆಂದೂ ಕಂಡುಬಂದಿತು.

ಇದರಿಂದ ಪಾವಗಡದ ರೈತನಿಗೆ ಸಿಂಪಡಿಸುವ ಔಷಧವೇನೂ ಸಿಕ್ಕಿಲ್ಲ. ವೈರಸ್ಸನ್ನು ಕೊಲ್ಲುವ ಮದ್ದೆಂದು ಡಬ್ಬಿಯನ್ನು ಮಾರಲು ಬರುವವನಿಗೆ ದುಡ್ಡು ಕೊಡಬಾರದು. ಈಗ ಕೈಲಿರುವ ಉಪಾಯಗಳು ಹುಳುವಿನ ದಾರಿಗೆ ಅಡ್ಡಬರುವಂಥವು: ಸಾಲುಗಳ ನಡುವೆ ಬರಿನೆಲ ಕಾಣದಂತೆ ಒತ್ತಾಗಿ ಬಿತ್ತುವುದು, ಸಜ್ಜೆಯನ್ನು ಮಿಶ್ರಬೆಳೆಯಾಗಿಡುವುದು, ರೋಗವನ್ನು ತಡೆಯಬಲ್ಲ ತಳಿಯನ್ನು ಆರಿಸುವುದು. ನೆರೆಯ ಅನಂತಪುರ ಜಿಲ್ಲೆಯಲ್ಲಿ 2000ದಲ್ಲಿ ಸುಮಾರು 2.25 ಲಕ್ಷ ಹೆಕ್ಟೇರು ನೆಲಗಡಲೆಯನ್ನು ಕೆಡಿಸಿದ ಕಾಂಡ ಸಾಯುವ ರೋಗವು ನೋಟಕ್ಕೆ ಹೀಗೆಯೇ ಇದ್ದರೂ ಅದರ ವೈರಸ್ಸು ಬೇರೆ. ಕಾಂಗ್ರೆಸ್ ಗಿಡದ ಹೂವಿನ ಪರಾಗವು ಅದಕ್ಕೆ ವಾಹನ. ಆ ಪರಾಗವನ್ನು ನೆಲಗಡಲೆಯ ಎಲೆಗೆ ತಂದು ಹಾಕುವವುಗಳು ಥ್ರಿಪ್ಸ್ ಹುಳುಗಳೇ. ಆದ್ದರಿಂದ ಬದುವಿನ ಮೇಲಿನ ಕಾಂಗ್ರೆಸ್ ಗಿಡವನ್ನು ಹೂಬಿಡುವುದಕ್ಕೆ ಮೊದಲೇ ಕೀಳಬೇಕು. ಬಿತ್ತನೆಯ ಮುಂಚೆ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಬೇರು ಸುಲಭವಾಗಿ ಬರುತ್ತದೆ.