ಕಪಿಂಜಲನ ಪಕ್ಷದ ಓದುಗರು

ಪ್ರೇಮಪ್ರಸಂಗಗಳಲ್ಲಿ ಮನಸ್ಸು ನಿಲ್ಲದ ಓದುಗರು ಪ್ರೇಮವೇ ತುಂಬಿರುವ ಕೃತಿಯೊಂದನ್ನು ಸಂತೋಷದಿಂದ ಓದಬಲ್ಲರೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ವಿದ್ವಾಂಸರಲ್ಲ. ಬಸವೇಶ್ವರನಗರದ ನಮ್ಮ ಬೀದಿಯ ಹದಿಹರೆಯದ ಹುಡುಗ ಹುಡುಗಿಯರು. ಮಾಂತ್ರಿಕರು, ಶಾಪಗಳು, ರೂಪ ಬದಲಿಸುವ ಪ್ರಾಣಿಗಳು ತುಂಬಿದ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ಅವರು ಊಟ ಮರೆತು ಓದುತ್ತಾರೆ. ನಾಯಕ ನಾಯಕಿಯರು ನಿಟ್ಟುಸಿರು ಬಿಡತೊಡಗಿದೊಡನೆ ನಾಲ್ಕು ಪುಟ ಮಗುಚಿ ಮುಂದೆ ಹೋಗುತ್ತಾರೆ. “ಕಥೆ ತುಂಬಾ ಚೆನ್ನಾಗಿದೆ ಅಂಕಲ್, ಮಧ್ಯೆ ಈ ಲವ್ ಒಂದು ಇಲ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಎಂದಳು ಅವರಲ್ಲೊಬ್ಬಳು. ಇಂಥದು ಅರೆಬರೆ ಓದು ಎಂದು ಹಿರಿಯರು ಗದರಿಸುವುದುಂಟು. ಗದರಿಕೆಗೆ ಅಂಜಿದ ಮಗು ಪುಸ್ತಕವನ್ನೇ ಕೆಳಗಿಡುತ್ತದೆ. ಆದ್ದರಿಂದ ಈ ಪ್ರಶ್ನೆ ಹಗುರವಾದುದಲ್ಲ.

ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ‘ಕಾದಂಬರಿ’ ಎಂಬ ಮಾತೇ ಒಬ್ಬ ಪ್ರಣಯಿನಿಯ ಹೆಸರು. 7ನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟನು ಸಂಸ್ಕೃತ ಗದ್ಯದಲ್ಲಿ ತೊಡಗಿ ಮುಗಿಸದೆ ಹೋದ, ಅವನ ಮಗನು ಪೂರ್ಣಗೊಳಿಸಿದ ಕೃತಿಯ ನಾಯಕಿ ಅವಳು. 10ನೆಯ ಶತಮಾನದ ಕೊನೆಯ ಭಾಗದಲ್ಲಿ ‘ಛಂದೋಂಬುಧಿ’ಯ ಕರ್ತೃವಾದ ನಾಗವರ್ಮನು ಅದನ್ನು ಚಂಪೂರೂಪದಲ್ಲಿ ಕನ್ನಡಕ್ಕೆ ತಂದನು. ಬಹುಕಾಲದ ಮೇಲೆ ಕನ್ನಡವೂ ಮರಾಠಿಯೂ ಆ ಹೆಸರನ್ನೇ ಒಂದು ಸಾಹಿತ್ಯಪ್ರಕಾರಕ್ಕೆ ಇಟ್ಟುಕೊಂಡವು.

ಹೆಸರು ಪ್ರಣಯಿನಿಯದಾದರೂ ಕಥೆ ತೊಡಗುವುದು ಪ್ರಣಯದಿಂದಲ್ಲ. ಶೂದ್ರಕರಾಜನ ಸಭೆಗೆ ಪಂಜರದಲ್ಲಿ ಬಂದ ಗಿಳಿಯೊಂದು ತನ್ನ ವೃತ್ತಾಂತವನ್ನು ಹೇಳುತ್ತದೆ. ಅದರೊಳಗೆ ಜಾಬಾಲಿ ಮುನಿಯು ಗಿಳಿಯ ಹಿಂದಿನ ಜನ್ಮವನ್ನು ಹೇಳುತ್ತಾನೆ. ಅದರೊಳಗೆ ಮತ್ತೆ ಗಂಧರ್ವಕನ್ಯೆ ಮಹಾಶ್ವೇತೆಯ ಕಥೆ. ತರುಣ ರಾಜಕುಮಾರ ಚಂದ್ರಾಪೀಡನು ಇಂದ್ರಾಯುಧವೆಂಬ ಕುದುರೆಯನ್ನೇರಿ ಕಿನ್ನರಮಿಥುನವೊಂದನ್ನು ಬೆನ್ನಟ್ಟಿ, ದಾರಿ ತಪ್ಪಿ ಅಚ್ಛೋದ ಸರೋವರವನ್ನು ಸೇರುತ್ತಾನೆ. ಅವನನ್ನು ಅಲ್ಲಿಗೆ ಎಳೆದದ್ದು ಪ್ರೇಮವಲ್ಲ, ಬರಿಯ ಕುತೂಹಲ. ಭರತನು ರಸಗಳನ್ನು ಎಣಿಸುವಾಗ ಶೃಂಗಾರವನ್ನು ಮೊದಲಿಗೂ ಅದ್ಭುತವನ್ನು ಕೊನೆಗೂ ಇಟ್ಟನು. ಈ ಕೃತಿಯಲ್ಲಿಯಾದರೋ ಅದ್ಭುತವೇ ಬಾಗಿಲು.

ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. ಪ್ರೇಮಕ್ಕೆ ಒಲಿಯದ ಓದುಗರ ಪ್ರತಿನಿಧಿಯೊಬ್ಬನು ಕಥೆಯೊಳಗೇ ಇದ್ದಾನೆ. ಅವನು ಕಪಿಂಜಲ. ಗೆಳೆಯನಾದ ತಾಪಸ ಪುಂಡರೀಕನು ಮಹಾಶ್ವೇತೆಯನ್ನು ಕಂಡು ಮೈಮರೆತಾಗ, ‘ಇದೇನು ಅವಿವೇಕ’ ಎಂದು ಬುದ್ಧಿ ಹೇಳುವವನು ಅವನೇ. ಹೇಳಿ ಫಲವಿಲ್ಲ. ವಿರಹ ತಾಳದೆ ಪುಂಡರೀಕನು ಸಾಯುತ್ತಾನೆ. ತೇಜಸ್ವಿಯಾದ ಪುರುಷನೊಬ್ಬನು ದೇಹವನ್ನು ಆಕಾಶಕ್ಕೆ ಒಯ್ಯುತ್ತಾನೆ. ಕಪಿಂಜಲನು ಅವನ ಹಿಂದೆಯೇ ಧಾವಿಸುತ್ತಾನೆ. ದುಃಖದಲ್ಲಿ ಕಣ್ಣು ಕಾಣದೆ ದಾರಿಯಲ್ಲಿದ್ದ ವಿಮಾನಚಾರಿಯೊಬ್ಬನನ್ನು ದಾಟಿದ ತಪ್ಪಿಗೆ, ಕುದುರೆಯಾಗೆಂದು ಶಾಪ ತಗಲುತ್ತದೆ. ಚಂದ್ರಾಪೀಡನನ್ನು ಹೊತ್ತು ತಂದ ಇಂದ್ರಾಯುಧ ಆ ಕಪಿಂಜಲನೇ! ಈ ಗುಟ್ಟು ಬಯಲಾಗುವ ಕ್ಷಣದ ರೋಮಾಂಚಕ್ಕೆ ಶೃಂಗಾರದ ಹಂಗಿಲ್ಲ. ಅಲ್ಲಿ ತೂಗುವುದು ಸ್ನೇಹ.

ಹಾಗಾದರೆ ಪ್ರೇಮವನ್ನು ತೆಗೆದುಹಾಕಿ ಓದಬಹುದೆ? ಅದು ಸಾಧ್ಯವಿಲ್ಲ. ಬೆಳುದಿಂಗಳಿನಿಂದ ಬೆಂದ ಪುಂಡರೀಕನು, ನೀನೂ ಹುಟ್ಟಿ ಪ್ರೇಮದಲ್ಲಿ ಬೇಯೆಂದು ಚಂದ್ರನನ್ನು ಶಪಿಸುತ್ತಾನೆ. ನನ್ನ ಸುಖದುಃಖಗಳಲ್ಲಿ ನೀನೂ ಪಾಲುಗೊಳ್ಳೆಂದು ಚಂದ್ರನು ಮರುಶಾಪ ಕೊಡುತ್ತಾನೆ. ಚಂದ್ರನೇ ಚಂದ್ರಾಪೀಡನಾಗಿ, ಅನಂತರ ಶೂದ್ರಕನಾಗಿ ಹುಟ್ಟುವುದು, ಪುಂಡರೀಕನು ಅವನ ಮಿತ್ರ ವೈಶಂಪಾಯನನಾಗಿ, ಅನಂತರ ಗಿಳಿಯಾಗಿ ಹುಟ್ಟುವುದು, ಎಲ್ಲವೂ ಆ ಒಂದು ಬೇಗೆಯ ಫಲ. ಪ್ರೇಮವೆಂಬ ಕೀಲನ್ನು ಕಿತ್ತರೆ ಅದ್ಭುತವೆಂಬ ತೇರು ಚಲಿಸದು. ಆದರೆ ಕೀಲಿನ ಅಗತ್ಯವನ್ನು ಒಪ್ಪುವುದು ಬೇರೆ, ಕೀಲಿಗೆ ಮನಸೋಲುವುದು ಬೇರೆ. ಪ್ರೇಮದ ಬಲವನ್ನು ಅರಿತವರು ಅದರ ನಿಟ್ಟುಸಿರುಗಳನ್ನೆಲ್ಲ ಎಣಿಸಬೇಕಾಗಿಲ್ಲ. ಬಾಣನ ದೀರ್ಘ ವರ್ಣನೆಗಳನ್ನು ನಾಗವರ್ಮನೂ ಎಲ್ಲವನ್ನೂ ಇಳಿಸಲಿಲ್ಲ; ಎಷ್ಟೋ ಕಡೆ ಕುಗ್ಗಿಸಿದನು, ಕೆಲವೆಡೆ ಬಿಟ್ಟೇಬಿಟ್ಟನು. ಅವನನ್ನು ನಾವು ಅರೆಬರೆ ಓದುಗನೆನ್ನುವುದಿಲ್ಲ.

ನಮ್ಮ ಹುಡುಗರಿಗೂ ಅದೇ ಸಲುಗೆ ಇರಲಿ ಎಂಬುದು ನನ್ನ ಅಭಿಪ್ರಾಯ. ಪುಟ ಮಗುಚುವವರು ಮಗುಚಲಿ; ಏನು ನಡೆಯಿತು, ಏಕೆ ನಡೆಯಿತು ಎಂಬುದನ್ನು ಮಾತ್ರ ಬಿಡದಿರಲಿ. ಕೃತಿಯ ಪ್ರಧಾನರಸಕ್ಕೆ ಒಲಿಯದಿದ್ದರೂ ಅದರ ಇನ್ನೊಂದು ರಸಕ್ಕೆ ಮನಸಾರೆ ಒಲಿದವರು ಸಹೃದಯರೇ. ಅವರು ಬಿಟ್ಟ ಪುಟಗಳು ಎಲ್ಲಿಗೂ ಓಡಿಹೋಗವು. ಎಂದಾದರೂ ತಾವಾಗಿ ತಿರುಗಿ ನೋಡುವವರೆಗೆ ಪುಸ್ತಕದಲ್ಲಿಯೇ ಇರುತ್ತವೆ.