ಮಳೆಯ ಮಾತಿಗೆ ಅಂಕ ಕೊಡುವುದು ಹೇಗೆ?

ಹುನಗುಂದ ತಾಲೂಕಿನ ರಾಮಥಾಳದ ಸುತ್ತಲಿನದು ಮಳೆ ಕಡಿಮೆ ಬೀಳುವ ಸೀಮೆ. ‘ನಾಳೆ ಇಲ್ಲಿ ಭಾರಿ ಮಳೆ ಇಲ್ಲ’ ಎಂದು ಒಬ್ಬಾತ ವರ್ಷವಿಡೀ ದಿನಾಲೂ ಹೇಳುತ್ತಾನೆನ್ನಿ. ಹೆಚ್ಚುಕಡಿಮೆ ಪ್ರತಿದಿನವೂ ಅವನ ಮಾತು ನಿಜವಾಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ. ಇಲ್ಲಿ ಅಂಥ ದಿನಗಳು ತೀರ ವಿರಳ.

ಆದರೆ ಅದೇ ಮಾತನ್ನು 2009ರ ಸೆಪ್ಟೆಂಬರ್ ಕೊನೆಯಲ್ಲಿ, ಹಸ್ತ ಮಳೆಯ ದಿನಗಳಲ್ಲಿ ಆತ ಹೇಳಿದ್ದರೆ? ಆಗ ಬಿಡದೆ ಸುರಿದ ಮಳೆ, ನೆರೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ಕುಸಿದವು. ವರ್ಷವೆಲ್ಲ ಸರಿಯಾದ ಮಾತು ಬೇಕಾದ ದಿನವೇ ಕೈಕೊಟ್ಟಂತೆ.

ಈ ತೊಡಕು ಹಳೆಯದು. 1884ರಲ್ಲಿ ಅಮೆರಿಕದ ಫಿನ್ಲಿ ಎಂಬಾತ ಸುಂಟರಗಾಳಿಯ ಬಗ್ಗೆ 2,803 ಮುನ್ಸೂಚನೆ ಕೊಟ್ಟ. ನೂರಕ್ಕೆ 96.6 ಸರಿ! ‘ಸುಂಟರಗಾಳಿ ಇಲ್ಲ’ ಎಂದೇ ಸದಾ ಹೇಳಿದ್ದರೆ 98.2 ಸರಿಯಾಗುತ್ತಿತ್ತು ಎಂದು ಟೀಕಾಕಾರರು ತೋರಿಸಿದರು. ನಿಜಕ್ಕೂ ನೋಡಬೇಕಾದ ಲೆಕ್ಕ ಬೇರೆ: ಬೀಸಿದ 51ರಲ್ಲಿ ಆತ ಮೊದಲೇ ಹೇಳಿದ್ದು 28, ಎಚ್ಚರಿಸಿದ 100 ಸಲದಲ್ಲಿ 72 ಸುಳ್ಳು.

ಈಗಿನ ಮುನ್ಸೂಚನೆ ‘ಹೌದು’, ‘ಇಲ್ಲ’ಗಳಲ್ಲಿ ಮುಗಿಯುವುದಿಲ್ಲ. ಆರಂಭದ ಅಂಕಿಅಂಶಗಳನ್ನು ತುಸು ಬದಲಿಸುತ್ತ ಕಂಪ್ಯೂಟರಿನಲ್ಲಿ 20 ಸಲ ಲೆಕ್ಕ ಹಾಕಿ, ಆರರಲ್ಲಿ ಭಾರಿ ಮಳೆ ಕಂಡರೆ ಸಾಧ್ಯತೆ ಸುಮಾರು ಶೇ. 30 ಎನ್ನಬಹುದು. ಮರುದಿನ ಮಳೆ ಬಾರದಿದ್ದರೆ ಆ ಮಾತು ಸುಳ್ಳಲ್ಲ. ಶೇ. 30 ಎಂದ ದಿನಗಳನ್ನೆಲ್ಲ ಒಟ್ಟು ಮಾಡಿ, ನೂರರಲ್ಲಿ ಸುಮಾರು ಮೂವತ್ತು ದಿನ ಬಂದಿತೇ ಎಂದು ನೋಡಬೇಕು. 1950ರಲ್ಲಿ ಬ್ರೈಯರ್ ಎಂಬ ವಿಜ್ಞಾನಿ ಇದಕ್ಕೊಂದು ಅಂಕಸೂತ್ರವನ್ನೂ ಕೊಟ್ಟ.

ಆದರೆ 2009ರಂಥ ಮಳೆ ನೂರು ಸಲ ಬರಲು ಯಾರು ಕಾಯುತ್ತಾರೆ? ಆದ್ದರಿಂದ ಹಲವು ಊರು, ಹಲವು ವರ್ಷಗಳ ದಾಖಲೆ ಕೂಡಿಸಿ ಪರೀಕ್ಷಿಸುತ್ತಾರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿದ್ದೂ ಅಂಥ ದಾಖಲೆಯೇ.

ಕೊನೆಗೆ ಅಂಕ ಕೊಡಬೇಕಾದವನು ರೈತ. ಕಿತ್ತ ಉಳ್ಳಾಗಡ್ಡಿ ಹೊಲದಲ್ಲಿ ರಾಶಿ ಬಿದ್ದಿರುವಾಗ ಶೇ. 20 ಎಂದರೂ ತಾಡಪತ್ರಿ ಹೊದಿಸುವುದೇ ಜಾಣತನ. ಮಳೆ ಬಾರದಿದ್ದರೆ ಹೋಗುವುದು ಒಂದು ಹೊತ್ತಿನ ದುಡಿಮೆ; ಹೊದಿಸದೆ ಮಳೆ ಬಂದರೆ ವರ್ಷದ ದುಡಿಮೆ. ಎರಡು ತಪ್ಪುಗಳೂ ಒಂದೇ ತೂಕದವಲ್ಲ.