ಕಾರ್ಬನ್‌ಗೆ ಮುರಿಯಲು ಕಲಿಸುವುದು

ಕೆ.ಆರ್. ನಗರದ ನಮ್ಮ ಗದ್ದೆ ಬೇಲಿಗೆ ಈ ಸಲ ಬಿದಿರಿನ ಗೂಟ ಹೊಡೆಸಿದೆ. ಸುತ್ತಿಗೆ ಏಟು ನೆಟ್ಟಗೆ ಬಿದ್ದಷ್ಟೂ ಗೂಟದ ತಲೆ ಕುಂಚದ ಹಾಗೆ ಬಿಚ್ಚಿಕೊಳ್ಳುತ್ತಾ ಹೋಯಿತು, ಬುಡ ಗಟ್ಟಿಯಾಗೇ ಉಳಿಯಿತು. ಒಂದು ಏಟು ಓರೆಯಾಗಿ ಬಿತ್ತು. ಗೂಟ ಲಟಕ್ಕನೆ ಮುರಿಯಿತು. ಕಾಂಪೋಸಿಟ್, ಅಂದರೆ ನಾರಿಗೆ ಅಂಟು ಸೇರಿಸಿ ಮಾಡಿದ ವಿಮಾನದ ಒಡಲು ನೆಲಕ್ಕೆ ಅಪ್ಪಳಿಸಿದಾಗ ಏನಾಗಬೇಕು, ಏನಾಗಬಾರದು ಎಂಬುದು ಈ ಎರಡು ಏಟಿನಲ್ಲೇ ಇದೆ.

ನಾನು ಐಟಿಐ ಮುಗಿಸಿ ಬೆಂಗಳೂರಿಗೆ ಹೋದವನು. ನಿವೃತ್ತಿಯಾಗುವ ತನಕ ಕಾರ್ಬನ್ ನಾರಿನ ಹಾಳೆ ಹಾಸುವುದೇ ಕೆಲಸ. ಅಂಟು ಸೇರಿಕೊಂಡೇ ಬರುವ ಆ ಹಾಳೆಗೆ ಪ್ರಿಪ್ರೆಗ್ ಅಂತೀವಿ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರ್‌ನಿಂದ ತೆಗೆದು, ಚಳಿ ಬಿಡಿಸಿ, ಬೆನ್ನಿನ ಕಾಗದ ಸುಲಿದು, ಒಂದನ್ನು ಉದ್ದಕ್ಕೆ, ಒಂದನ್ನು ಅಡ್ಡಕ್ಕೆ, ಒಂದನ್ನು 45 ಡಿಗ್ರಿ ಓರೆಗೆ ಹಾಸುತ್ತಾ ಹೋಗಬೇಕು. ಆಮೇಲೆ ಚೀಲ ಮುಚ್ಚಿ, ಗಾಳಿ ಎಳೆದು, ಆಟೊಕ್ಲೇವ್ ಎಂಬ ದೊಡ್ಡ ಪ್ರೆಶರ್ ಕುಕ್ಕರಿನಲ್ಲಿ ಸುಮಾರು 180 ಡಿಗ್ರಿಯಲ್ಲಿ ಬೇಯಿಸುವುದು. ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್ ಇಂಥ ಆಟೊಕ್ಲೇವ್‌ಗಳನ್ನು ತಾನೇ ಕಟ್ಟಿತು. ಅದರ ಎರಡು ಸೀಟಿನ ‘ಹಂಸ’ 1993ರ ನವೆಂಬರ್‌ನಲ್ಲಿ ಮೊದಲ ಸಲ ಹಾರಿತು. ಆ ವಿಮಾನದ ಮೈಯೆಲ್ಲ ಕಾಂಪೋಸಿಟ್ಟೇ.

ತಾಮ್ರದ ಬಿಂದಿಗೆ ಜಾರಿ ಬಿದ್ದರೆ ನೆಗ್ಗುತ್ತದೆ. ಅಲ್ಯೂಮಿನಿಯಂ ವಿಮಾನವೂ ಹಾಗೇ. ನೆಗ್ಗಿ, ಮಡಿಚಿಕೊಂಡು ಏಟನ್ನು ತಾನೇ ನುಂಗುತ್ತದೆ. ಕಾರ್ಬನ್ ನೆಗ್ಗುವುದಿಲ್ಲ. ಮಿತಿ ದಾಟಿದರೆ ಒಮ್ಮೆಗೇ ಮುರಿಯುತ್ತದೆ. ಆಗ ಏಟು ನೇರ ಸೀಟಿಗೆ, ಸೀಟಿನಿಂದ ಕೂತವರ ಬೆನ್ನುಮೂಳೆಗೆ. ಸೀಟಿನ ಪರೀಕ್ಷೆಯಲ್ಲಿ ಬೊಂಬೆಯ ಸೊಂಟದ ಮೇಲೆ ಸುಮಾರು 680 ಕೆ.ಜಿ.ಗಿಂತ ಹೆಚ್ಚಿನ ಒತ್ತಡ ಬೀಳಕೂಡದು ಎಂಬ ನಿಯಮವಿದೆ. 75 ಕೆ.ಜಿ. ತೂಗುವ ಒಂಬತ್ತು ಮೂಟೆ ಭತ್ತ ಅನ್ನಿ.

ಆದ್ದರಿಂದಲೇ ಕಾರ್ಬನ್‌ಗೆ ಮುರಿಯುವುದನ್ನು ಕಲಿಸಬೇಕು. ಕಾರ್ಬನ್ ಕೊಳವೆಯ ತುದಿಯನ್ನು ಓರೆಯಾಗಿ ಹೆರೆದಿಟ್ಟರೆ ಮುರಿತ ಅಲ್ಲೇ ಶುರುವಾಗಿ ಅಂಗುಲ ಅಂಗುಲವಾಗಿ ಮುಂದೆ ಹೋಗುತ್ತದೆ; ನಾರು ಕುಂಚವಾಗಿ ಬಿಚ್ಚಿಕೊಳ್ಳುತ್ತದೆ, ನಮ್ಮ ಗೂಟದ ತಲೆಯ ಹಾಗೇ. ಹೀಗೆ ಪುಡಿಯಾಗುವ ಕೊಳವೆ, ತೂಕಕ್ಕೆ ತೂಕ ನೋಡಿದರೆ, ಅಲ್ಯೂಮಿನಿಯಂಗಿಂತ ಹೆಚ್ಚು ಶಕ್ತಿ ನುಂಗಬಲ್ಲದು. ಪ್ರಯಾಣಿಕರ ಕಾಲ ಕೆಳಗೆ, ಸಾಮಾನು ತುಂಬುವ ಜಾಗದಲ್ಲಿ ಇಂಥ ಆಸರೆಗಳು ಪುಡಿಯಾದರೆ ಮೇಲೆ ಕೂತವರು ಉಳಿಯುತ್ತಾರೆ.

ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಲೆಕ್ಕ ಸರಿಯೇ ಎಂದು ತಿಳಿಯಬೇಕಾದರೆ ಬೀಳಿಸಿಯೇ ನೋಡಬೇಕು. ಮೊದಲು ಅಂಗೈಯಗಲದ ಪಟ್ಟಿ, ಆಮೇಲೆ ಕೊಳವೆ, ಆಮೇಲೆ ಒಡಲಿನ ತುಂಡು. ಬೋಯಿಂಗ್ ಕಂಪನಿಯ ಕಾರ್ಬನ್ ಒಡಲಿನ ವಿಮಾನ 787ಕ್ಕೆ ಅನುಮತಿ ಕೊಡುವ ಮುನ್ನ ಅಮೆರಿಕದ ವಿಮಾನಯಾನ ಇಲಾಖೆ 2007ರಲ್ಲಿ ವಿಶೇಷ ಷರತ್ತು ಹಾಕಿತು: ಅಲ್ಯೂಮಿನಿಯಂ ವಿಮಾನದಲ್ಲಿ ಬದುಕುವಷ್ಟು ಅವಕಾಶ ಇದರಲ್ಲೂ ಇದೆಯೆಂದು ತೋರಿಸಿ. ಕೂತವರ ಸುತ್ತ ಜಾಗ ಉಳಿಯಬೇಕು, ತಲೆ ಮೇಲಿನ ಸಾಮಾನು ಕಳಚಿ ಬೀಳಬಾರದು, ಹೊರಹೋಗುವ ದಾರಿ ಮುಚ್ಚಬಾರದು. ಆ ವರ್ಷದ ಆಗಸ್ಟ್‌ನಲ್ಲಿ ಬೋಯಿಂಗ್ ಅರಿಜೋನಾದ ಮೇಸಾದಲ್ಲಿ ಒಡಲಿನ ತುಂಡೊಂದನ್ನು ಸುಮಾರು 15 ಅಡಿ ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಕೆಡವಿತು.

ನಾನು ಇದ್ದ ಶೆಡ್ಡಿನಲ್ಲಿ ಒಮ್ಮೆ ನನ್ನ ಕೈಯಿಂದ ಸ್ಪ್ಯಾನರ್ ಜಾರಿ ಹಲಗೆಯ ಮೇಲೆ ಬಿತ್ತು. ಮೇಲೆ ಗೀರೂ ಇಲ್ಲ. ಹಿರಿಯರೊಬ್ಬರು ಜೇಬಿನಿಂದ ನಾಣ್ಯ ತೆಗೆದು ತಟ್ಟುತ್ತಾ ಬಂದರು, ಚುಂಚನಕಟ್ಟೆ ಜಾತ್ರೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ. ಟಣ್, ಟಣ್, ಟಣ್. ಸ್ಪ್ಯಾನರ್ ಬಿದ್ದ ಕಡೆ ಮಾತ್ರ ಡಬ್. ಕೊಯ್ದು ನೋಡಿದರೆ ಒಳಗೆ ಪದರಗಳು ಬಾಳೆಪಟ್ಟೆಯಂತೆ ಬಿಟ್ಟುಕೊಂಡಿದ್ದವು. ಲೋಹ ತನ್ನ ಗಾಯ ತೋರಿಸುತ್ತದೆ, ಇದು ಬಚ್ಚಿಡುತ್ತದೆ. ಅಂಥ ಗಾಯ ಒಳಗಿದ್ದರೆ ಕಲಿಸಿದಂತೆ ಮುರಿಯುವುದಿಲ್ಲ. ಆ ‘ಡಬ್’ ಸದ್ದು ಕೇಳಿದ ಮೇಲೆ ನಾನು ಯಾವ ಹಲಗೆಯನ್ನೂ ತಟ್ಟದೆ ಮುಂದೆ ಕಳಿಸಲಿಲ್ಲ.

ಅಹಮದಾಬಾದಿನಲ್ಲಿ 2025ರ ಜೂನ್ 12ರಂದು ಇದೇ 787 ಮಾದರಿಯ ವಿಮಾನ ಬಿದ್ದು, ಒಳಗಿದ್ದ 242 ಮಂದಿಯಲ್ಲಿ ಒಬ್ಬರೇ ಉಳಿದರು. ಅಂಥ ಪತನವನ್ನು ಯಾವ ಒಡಲೂ ತಡೆಯಲಾರದು. ಈ ಪರೀಕ್ಷೆಗಳು ಬದುಕುವ ಸಾಧ್ಯತೆ ಇರುವ ಅಪಘಾತಗಳಿಗಾಗಿ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಹಳೆ ನಿಲ್ದಾಣದ ಬಳಿ ರನ್‌ವೇ ಮುಟ್ಟುವ ಮೊದಲೇ ಬಿದ್ದ ಏರ್‌ಬಸ್‌ನಲ್ಲಿ 146 ಮಂದಿಯಿದ್ದರು, 54 ಮಂದಿ ಬದುಕಿದರು. ಆ 54 ಇನ್ನೂ ಹೆಚ್ಚಾಗಬೇಕು ಎಂಬುದೇ ಇಷ್ಟೆಲ್ಲ ಬೀಳಿಸುವಿಕೆಯ ಉದ್ದೇಶ.

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಕಾರ್ಬನ್ ಒಡಲಿನ ಎ350 ಇಳಿಯುವಾಗ ಚಿಕ್ಕ ವಿಮಾನವೊಂದಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಚಿಕ್ಕ ವಿಮಾನದಲ್ಲಿ ಐವರು ಸತ್ತರು. ಎ350ರಲ್ಲಿದ್ದ 379 ಮಂದಿಯೂ ಹೊರಬಂದರು. ಕೊನೆಯವರು ಇಳಿಯುವ ಹೊತ್ತಿಗೆ ಸುಮಾರು 18 ನಿಮಿಷವಾಗಿತ್ತು. ಒಡಲು ಅಷ್ಟು ಹೊತ್ತು ಕೊಟ್ಟಿತು. ಜನ ಬ್ಯಾಗಿಗಾಗಿ ನಿಲ್ಲಲಿಲ್ಲ. ನೀವು ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೊರಟರೂ ಸರಿ, ದೇವನಹಳ್ಳಿಯದರಿಂದ ಹೊರಟರೂ ಸರಿ, ಬೆಲ್ಟನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ; ಇಳಿಯಿರಿ ಎಂದಾಗ ಬ್ಯಾಗು ಬಿಟ್ಟು ಇಳಿಯಿರಿ.